ಗಾಳಿ ದೋಣಿಗೆ ಯಾವ ಅಂಟು? ಮೊದಲು ಬಟ್ಟೆ ಯಾವುದು ಅಂತ ನೋಡಿ

ಪ್ರಶ್ನೆ: ಸರ್, ಎರಡು ವರ್ಷದ ಹಿಂದೆ ಗೋವಾದಲ್ಲಿ ಗಾಳಿ ತುಂಬುವ ದೋಣಿ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಉದ್ದ 3.2 ಮೀಟರ್. ಹೊನ್ನಾವರದಲ್ಲಿ ಶರಾವತಿ ಅಳಿವೆಯ ಕಡೆ ನಾನು, ನನ್ನ ತಮ್ಮ ಗಾಳ ಹಾಕಲು ಹೋಗುತ್ತೇವೆ. ಕಳೆದ ತಿಂಗಳು ಬಂಡೆಗೆ ಕಚ್ಚಿಕೊಂಡ ಚಿಪ್ಪು ತಾಗಿ ಟ್ಯೂಬ್ ಸುಮಾರು 4 ಸೆಂಟಿಮೀಟರ್ ಸೀಳಿತು. ಮೊದಲು ಸೂಪರ್ ಗ್ಲೂ ಹಾಕಿದೆ, ಒಂದು ದಿನ ನಿಂತಿತು. ಪಂಕ್ಚರ್ ಅಂಗಡಿಯವರು ಸಲ್ಯೂಷನ್ ಹಚ್ಚಿ ಸೈಕಲ್ ಪ್ಯಾಚ್ ಹಾಕಿದರು, ಮೂರು ದಿನಕ್ಕೆ ಎದ್ದು ಬಂತು. ಆಮೇಲೆ ಬಡಗಿ ಹತ್ತಿರ ಸನ್‌ಮೈಕಾ ಅಂಟಿಸುವ ಹಳದಿ ಗಮ್ ಇಸ್ಕೊಂಡು, ದೋಣಿ ಜತೆ ಬಂದಿದ್ದ ಬಟ್ಟೆಯ ತುಂಡನ್ನೇ ಅಂಟಿಸಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ತೇಪೆ ಹಾಗೇ ಜಾರಿ ಪಕ್ಕಕ್ಕೆ ಹೋಗಿತ್ತು, ಕೆಳಗೆಲ್ಲ ಅಂಟು ಅಂಟು. ದೋಣಿ ಮೇಲೆ ಯಾವ ಬಟ್ಟೆ ಅಂತ ಬರೆದಿಲ್ಲ. ಯಾವ ಅಂಟು ತಗೊಳ್ಳಲಿ?

ಉತ್ತರ:

ನೀವು ಹಾಕಿದ ಮೂರೂ ಅಂಟುಗಳು ತಮ್ಮ ತಮ್ಮ ಕೆಲಸಕ್ಕೆ ಒಳ್ಳೆಯವೇ. ದೋಣಿಗೆ ಮಾತ್ರ ಆಗಿಬರುವುದಿಲ್ಲ. ಒಂದೊಂದೂ ಯಾಕೆ ಬಿಟ್ಟಿತು ಅಂತ ನೋಡಿದರೆ ನಿಮ್ಮ ದೋಣಿ ಯಾವುದು ಅಂತಲೇ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸೂಪರ್ ಗ್ಲೂ ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿ. ದೋಣಿಯ ಬಟ್ಟೆ ಗಾಳಿ ತುಂಬಿದಾಗ ಹಿಗ್ಗುತ್ತದೆ, ಅಲೆಗೆ ಮಡಿಯುತ್ತದೆ. ಮಡಿದ ಕಡೆಯಲ್ಲೆಲ್ಲ ಅದು ಪಟಪಟ ಬಿರುಕು ಬಿಡುತ್ತದೆ. ಪಂಕ್ಚರ್ ಸಲ್ಯೂಷನ್ ಕತೆ ಬೇರೆ. ಅದು ಬರೀ ಅಂಟಲ್ಲ, ಸೈಕಲ್ ಟ್ಯೂಬಿನ ರಬ್ಬರ್ ಜತೆ, ಪ್ಯಾಚಿನ ಕೆಳಗಿನ ಮೆತ್ತನೆ ರಬ್ಬರ್ ಜತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೇ ಒಳ್ಳೆ ಪಂಕ್ಚರ್ ಪ್ಯಾಚ್ ಟ್ಯೂಬ್ ಹಾಳಾದರೂ ಕೀಳುವುದಿಲ್ಲ. ಆದರೆ ಹಾಗೆ ಬೆಸೆದುಕೊಳ್ಳಲು ಎದುರಿಗೆ ಅಂಥದ್ದೇ ರಬ್ಬರ್ ಇರಬೇಕು. ನಾವು ರಬ್ಬರ್ ದೋಣಿ ಅಂತ ಕರೆಯುತ್ತೇವೆ ನಿಜ, ಈಗ ಬರುವ ದೋಣಿಗಳಲ್ಲಿ ಹೆಚ್ಚಿನವುಗಳ ಮೇಲ್ಮೈ ಟ್ಯೂಬಿನ ರಬ್ಬರ್ ಅಲ್ಲ.

ಹಳದಿ ಗಮ್ಮಿನದೇ ಇಲ್ಲಿ ಮುಖ್ಯ ಸುಳಿವು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಜಾರಿತು, ಕೆಳಗೆ ಅಂಟು ಅಂಟು ಅಂದಿರಲ್ಲ, ಅದನ್ನು ಓದಿದ ಕೂಡಲೇ ನಿಮ್ಮ ದೋಣಿ ಪಿವಿಸಿ ಬಟ್ಟೆಯದ್ದು ಅಂತ ನನಗೆ ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ. ಪಿವಿಸಿ ಅಂದರೆ ಮನೆಯ ನೀರಿನ ಪೈಪಿನ ಪ್ಲಾಸ್ಟಿಕ್ಕೇ. ಪೈಪು ಕೋಲಿನ ಹಾಗೆ ಗಟ್ಟಿ, ದೋಣಿಯ ಬಟ್ಟೆ ಮೆತ್ತಗೆ. ವ್ಯತ್ಯಾಸ ಬರುವುದು ಅದಕ್ಕೆ ಬೆರೆಸುವ ಒಂದು ಎಣ್ಣೆಯಂಥ ದ್ರವದಿಂದ. ಅದಕ್ಕೆ ಪ್ಲಾಸ್ಟಿಸೈಜರ್ ಅಂತಾರೆ. ಮೆತ್ತನೆ ಪಿವಿಸಿಯಲ್ಲಿ ಅದು ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಇರುವುದು ಸಾಮಾನ್ಯ. ಈ ದ್ರವ ಪಿವಿಸಿಯೊಳಗೆ ಸುಮ್ನೆ ಕೂತಿರುತ್ತದೆ, ಅದರ ಜತೆ ಬೆಸೆದುಕೊಂಡಿರುವುದಿಲ್ಲ. ಪಕ್ಕದಲ್ಲಿ ತನ್ನನ್ನು ಹೀರಿಕೊಳ್ಳುವ ಇನ್ನೊಂದು ವಸ್ತು ಸಿಕ್ಕರೆ ನಿಧಾನಕ್ಕೆ ಅತ್ತ ಹರಿದು ಹೋಗುತ್ತದೆ. ಬಡಗಿಯ ಹಳದಿ ಗಮ್ ನಿಯೋಪ್ರಿನ್ ರಬ್ಬರನ್ನು ಕರಗಿಸಿ ಮಾಡಿದ್ದು, ಮತ್ತೆ ನಿಯೋಪ್ರಿನ್ ಈ ದ್ರವವನ್ನು ಚೆನ್ನಾಗಿ ಹೀರುತ್ತದೆ. ಮೊದಲ ದಿನ ಹಿಡಿತ ಗಟ್ಟಿಯಾಗಿಯೇ ಇರುತ್ತದೆ, ಕಿತ್ತರೂ ಬರುವುದಿಲ್ಲ. ವಾರ ಕಳೆಯುತ್ತಾ ಬಟ್ಟೆಯಿಂದಲೂ ತೇಪೆಯಿಂದಲೂ ದ್ರವ ಒಸರಿ ಅಂಟಿನೊಳಗೆ ಸೇರುತ್ತದೆ. ಅಂಟು ಬೆಲ್ಲದ ಪಾಕದ ಹಾಗಾಗುತ್ತದೆ. ಒಂದು ಬಿಸಿಲಿನ ಮಧ್ಯಾಹ್ನ ತೇಪೆ ಜಾರುತ್ತದೆ. ನಿಮ್ಮ ದೋಣಿಯಲ್ಲಿ ಆಗಿದ್ದು ಅಕ್ಷರಶಃ ಇದೇ.

ನನಗೂ ಇದು ಕಷ್ಟಪಟ್ಟೇ ಗೊತ್ತಾದದ್ದು. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟ್‌ಗಳಿಗೆ ತೇಪೆ ಹಾಕುತ್ತಾ ನಾನು ಈ ಕೆಲಸ ಕಲಿತೆ. ಮಾರಿದವರು ಹೈಪಲಾನ್ (ದೋಣಿ ಬಟ್ಟೆಗೆ ಲೇಪಿಸುವ ಒಂದು ಬಗೆಯ ರಬ್ಬರ್) ಅಂತ ಹೇಳಿ ಕೊಟ್ಟಿದ್ದ ಒಂದು ರಾಫ್ಟಿಗೆ ಹೈಪಲಾನಿನ ಅಂಟನ್ನೇ ತರಿಸಿ, ಎರಡು ದಿನ ಕೂತು ಅಚ್ಚುಕಟ್ಟಾಗಿ ನಾಲ್ಕು ತೇಪೆ ಹಾಕಿದ್ದೆ. ಏಪ್ರಿಲ್‌ನಲ್ಲಿ ನಾಲ್ಕೂ ಜಾರಿದವು, ಬಟ್ಟೆ ಪಿವಿಸಿಯದ್ದಾಗಿತ್ತು. ಅದರಲ್ಲಿ ಒಂದು ನಡುನೀರಿನಲ್ಲಿ, ಜನ ಕೂತಿರುವಾಗ. ಯಾರಿಗೂ ಏನೂ ಆಗಲಿಲ್ಲ, ಉಳಿದ ಕೋಣೆಗಳಲ್ಲಿ ಗಾಳಿ ಇತ್ತು. ಆದರೆ ಅವತ್ತಿನಿಂದ ಮಾರಿದವರ ಮಾತು ನಂಬಿ ಅಂಟಿನ ಡಬ್ಬಿ ತೆರೆದಿಲ್ಲ. ಬಟ್ಟೆಯನ್ನು ನಾನೇ ಪರೀಕ್ಷೆ ಮಾಡುತ್ತೇನೆ, ನೀವೂ ಮಾಡಿ. ನನ್ನ ಊಹೆ ಸರಿ ಇರಬಹುದು, ಆದರೂ ಐದು ನಿಮಿಷದ ಕೆಲಸ, ಮಾಡಿಯೇ ಮುಂದುವರಿಯಿರಿ.

ಗಾಳಿ ದೋಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಬಟ್ಟೆ. ಎರಡರಲ್ಲೂ ನಡುವೆ ಪಾಲಿಯೆಸ್ಟರ್ ಅಥವಾ ನೈಲಾನ್ ನೂಲಿನ ನೇಯ್ಗೆ ಇರುತ್ತದೆ, ಗಾಳಿಯ ಒತ್ತಡ ತಡೆಯುವುದು ಅದು. ಗಾಳಿ, ನೀರು ದಾಟದ ಹಾಗೆ ಅದರ ಮೇಲೆ ಲೇಪ. ಒಂದರಲ್ಲಿ ಪಿವಿಸಿ ಲೇಪ. ಇನ್ನೊಂದರಲ್ಲಿ ಹೊರಗೆ ಹೈಪಲಾನ್, ಒಳಗೆ ಸಾಮಾನ್ಯವಾಗಿ ನಿಯೋಪ್ರಿನ್. ಹೈಪಲಾನ್ ಅನ್ನುವುದು ಡುಪಾಂಟ್ ಕಂಪನಿ ಇಟ್ಟ ಹೆಸರು. ಅವರು 2010ರಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಅದೇ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ, ಸಿಎಸ್ಎಂ ಅಂತ ಬರೆದಿರುತ್ತದೆ. ಜನರ ಬಾಯಲ್ಲಿ ಮಾತ್ರ ಹೈಪಲಾನ್ ಅಂತಲೇ ಉಳಿದಿದೆ. ಯುರಿಥೇನ್ ಲೇಪದ ರಾಫ್ಟ್‌ಗಳೂ ಇವೆ, ನಮ್ಮ ಕಡೆ ಅಪರೂಪ. ಕಂಪನಿಯ ಹೆಸರು ನೋಡಿ ಬಟ್ಟೆ ನಿರ್ಧರಿಸಬೇಡಿ. ಜೋಡಿಯಾಕ್ ಅಂಥ ಹಳೆಯ ಹೆಸರಾಂತ ಕಂಪನಿಯೂ ಎರಡೂ ಬಟ್ಟೆಗಳಲ್ಲಿ ದೋಣಿ ಮಾಡಿದೆ.

ಮೊದಲು ಬಟ್ಟೆಯ ಒಳಮಗ್ಗುಲು ನೋಡಿ. ನಿಮ್ಮ ಹತ್ತಿರ ಉಳಿದ ತುಂಡು ಇದೆಯಲ್ಲ, ಅದರಲ್ಲೇ ನೋಡಬಹುದು. ಎರಡೂ ಕಡೆ ಒಂದೇ ಥರ ನುಣುಪು, ಹೊಳಪು, ಒಂದೇ ಬಣ್ಣ ಇದ್ದರೆ ಪಿವಿಸಿ ಇರುವ ಸಾಧ್ಯತೆ ಜಾಸ್ತಿ. ಹೊರಗೆ ಒಂದು ಬಣ್ಣ, ಒಳಗೆ ಮಂಕಾದ ಕಪ್ಪೋ ಬೂದಿಯೋ ಇದ್ದು ಮುಟ್ಟಿದರೆ ರಬ್ಬರಿನ ಹಾಗೆ ತಡೆದರೆ ಹೈಪಲಾನ್. ಆಮೇಲೆ ಉಪ್ಪುಕಾಗದದಿಂದ ಒಂದು ಮೂಲೆ ಉಜ್ಜಿ. ಹೈಪಲಾನ್ ಸೀಮೆಸುಣ್ಣದ ಹಾಗೆ ಪುಡಿ ಉದುರಿಸುತ್ತದೆ. ಪಿವಿಸಿ ಪುಡಿಯಾಗುವುದಿಲ್ಲ, ಮೆತ್ತಿಕೊಳ್ಳುತ್ತದೆ. ಕೊನೆಗೆ ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಅಥವಾ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಅನ್ನುವ ದ್ರಾವಕ) ಹಾಕಿ ಕಾಣದ ಜಾಗದಲ್ಲಿ ಒರೆಸಿ, ಬೆರಳಿಟ್ಟು ನೋಡಿ. ಬೆರಳಿಗೆ ಅಂಟಿ, ಬಟ್ಟೆಗೆ ಬಣ್ಣ ಹತ್ತಿದರೆ ಪಿವಿಸಿ. ಮಂಕಾಗಿ ಸುಮ್ಮನಾದರೆ ಹೈಪಲಾನ್.

ಒಂದು ಪರೀಕ್ಷೆ ಮಾತ್ರ ಬೇಡ. ತಾಮ್ರದ ತಂತಿ ಕಾಯಿಸಿ ಬಟ್ಟೆಗೆ ತಾಗಿಸಿ ಮತ್ತೆ ಬೆಂಕಿಗೆ ಹಿಡಿದು, ಹಸಿರು ಜ್ವಾಲೆ ಬಂದರೆ ಪಿವಿಸಿ ಅಂತ ಕೆಲವರು ಹೇಳುತ್ತಾರೆ. ಹಸಿರು ಬರುವುದು ಕ್ಲೋರಿನ್‌ನಿಂದ. ಹೈಪಲಾನ್‌ನಲ್ಲೂ ಕ್ಲೋರಿನ್ ಇದೆ, ನಿಯೋಪ್ರಿನ್‌ನಲ್ಲೂ ಇದೆ. ಎಲ್ಲದಕ್ಕೂ ಹಸಿರೇ ಬರುತ್ತದೆ. ಮೇಲಿಂದ ಆ ಹೊಗೆ ಒಳ್ಳೆಯದಲ್ಲ.

ಈಗ ಅಂಟಿಗೆ ಬರೋಣ. ಪಿವಿಸಿ ಅಂತ ಖಚಿತವಾದರೆ ನಿಮಗೆ ಬೇಕಾದದ್ದು ಪಾಲಿಯುರಿಥೇನ್ ಅಂಟು, ಅಂದರೆ ಪಿಯು ಅಂಟು, ಅದೂ ಹಾರ್ಡ್‌ನರ್ ಬೆರೆಸುವ ಎರಡು ಭಾಗದ್ದು. ಒಸರುವ ಆ ದ್ರವವನ್ನು ತಡೆದುಕೊಳ್ಳುವ ಗುಣ ಪಿಯುಗೆ ಇದೆ. ಚಪ್ಪಲಿ, ಶೂ ಮಾಡುವವರಿಗೂ ಇದೇ ತೊಂದರೆ ಇತ್ತು. ಪಿವಿಸಿ ಸೋಲ್ (ಚಪ್ಪಲಿಯ ಅಟ್ಟೆ) ಹಳದಿ ಗಮ್ಮಿನಲ್ಲಿ ನಿಲ್ಲುತ್ತಿರಲಿಲ್ಲ. ಅವರು ಪಿಯು ಅಂಟಿಗೆ ಹೋದರು. ಇದರಿಂದ ನಮಗೊಂದು ಅನುಕೂಲ ಆಗಿದೆ. ದೋಣಿಯ ಅಂಟು ಅಂತ ಕೇಳಿದರೆ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯವರು ಮುಖ ಮುಖ ನೋಡುತ್ತಾರೆ, ಆದರೆ ದೊಡ್ಡ ಊರುಗಳಲ್ಲಿ ಪಾದರಕ್ಷೆ ತಯಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಪಿವಿಸಿ ಸೋಲಿಗೆ ಹಾಕುವ ಪಿಯು ಅಂಟು, ಅದರ ಹಾರ್ಡ್‌ನರ್ ಅಂತ ಕೇಳಿ, ಅವರಿಗೆ ಅರ್ಥವಾಗುತ್ತದೆ. ದೋಣಿಗೆಂದೇ ಮಾಡಿದ್ದು ಬೇಕಿದ್ದರೆ ಸ್ಟಾಬಾಂಡ್ ಕಂಪನಿಯ ಯುಕೆ-148 ಅಂಥವು ಇವೆ. ಹೊರದೇಶದಿಂದ ತರಿಸುವಾಗ ಬೆಲೆ ಜಾಸ್ತಿ ಆಗುತ್ತದೆ, ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಸಾಗಿಸುವುದೂ ತಲೆನೋವು. ಒಂದು ತೇಪೆಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾರ್ಡ್‌ನರ್ ಯಾಕೆ ಬೇಕು ಅಂತ ತುಂಬ ಜನ ಕೇಳುತ್ತಾರೆ, ಅದಿಲ್ಲದೆಯೂ ಗಟ್ಟಿಯಾಗಿ ಅಂಟುತ್ತದಲ್ಲ ಅಂತ. ಅಂಟುತ್ತದೆ. ಆದರೆ ಹಾರ್ಡ್‌ನರ್ ಇಲ್ಲದ ಪಿಯು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ, 50-60 ಡಿಗ್ರಿಯ ಹೊತ್ತಿಗೆ ಹಿಡಿತ ಸಡಿಲ. ಬಿಸಿಲಿನಲ್ಲಿ ದಡಕ್ಕೆ ಎಳೆದಿಟ್ಟ ಕಡುಬಣ್ಣದ ಟ್ಯೂಬನ್ನು ಏಪ್ರಿಲ್ ಮಧ್ಯಾಹ್ನ ಮುಟ್ಟಿ ನೋಡಿದ್ದೀರಾ? ಕೈ ಇಡಲು ಆಗುವುದಿಲ್ಲ. ಹಾರ್ಡ್‌ನರ್ ಸೇರಿದರೆ ಅಂಟಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಆಮೇಲೆ ಬಿಸಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಪ್ರಮಾಣ ಸಾಮಾನ್ಯವಾಗಿ ಅಂಟಿನ ತೂಕದ 3ರಿಂದ 5 ಪ್ರತಿಶತ, ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ಜಾಸ್ತಿ ಹಾಕಿದರೆ ಇನ್ನೂ ಗಟ್ಟಿ ಅಂದುಕೊಳ್ಳಬೇಡಿ, ಅಂಟು ಪೆಡಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ನಿಮ್ಮ ತೇಪೆಗೆ 25 ಗ್ರಾಂ ಅಂಟು ಸಾಕು. ಅದಕ್ಕೆ 5 ಪ್ರತಿಶತ ಅಂದರೆ ಒಂದೂಕಾಲು ಗ್ರಾಂ. ಕಣ್ಣಂದಾಜಿನಲ್ಲಿ ಇದು ಆಗುವ ಕೆಲಸವಲ್ಲ, ಚಿನ್ನ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಒಂದು ಇಟ್ಟುಕೊಳ್ಳಿ.

ಒಂದೇ ಭಾಗದ ಅಂಟುಗಳೂ ಇವೆ. ಎಚ್‌ಎಚ್-66 ಅನ್ನುವುದು ಪಿವಿಸಿ ಬಟ್ಟೆಗೆಂದೇ ಮಾಡಿದ್ದು. ಬೆರೆಸುವ ಗೊಡವೆ ಇಲ್ಲ. ಸೂಜಿಮೊನೆಯಷ್ಟು ತೂತು, ಹಗ್ಗ ಕಟ್ಟುವ ಕೊಂಡಿಯ ಅಂಚು ಎದ್ದದ್ದು, ಇಂಥದ್ದಕ್ಕೆ ಧಾರಾಳವಾಗಿ ಬಳಸಿ. ಗಾಳಿಯ ಒತ್ತಡ ಹೊರುವ 4 ಸೆಂಟಿಮೀಟರ್ ಸೀಳಿಗೆ ನಾನಂತೂ ಎರಡು ಭಾಗದ್ದನ್ನೇ ಹಾಕುತ್ತೇನೆ. ಇನ್ನು ಪ್ಲಂಬರ್ ಹತ್ತಿರ ಇರುವ ಪಿವಿಸಿ ಪೈಪಿನ ಅಂಟು, ಹೆಸರಲ್ಲಿ ಪಿವಿಸಿ ಇದೆ ಅಂತ ಅದನ್ನು ಹಾಕಬೇಡಿ. ಗಟ್ಟಿ ಪೈಪಿಗೆ ಗಟ್ಟಿ ಅಂಟು ಅದು, ಬಟ್ಟೆಯ ಮೇಲೆ ಬಿರಿದು ಹೋಗುತ್ತದೆ. ಬಾತ್‌ರೂಮಿನ ಸಿಲಿಕೋನ್ ಅಂತೂ ಬೇಡವೇ ಬೇಡ. ಅದು ಹಿಡಿಯುವುದಿಲ್ಲ, ಮತ್ತೆ ಅದು ತಾಗಿದ ಜಾಗದಲ್ಲಿ ಮುಂದೆ ಬೇರೆ ಅಂಟೂ ಹಿಡಿಯುವುದಿಲ್ಲ. ಕಾರಿನ ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಸ್ಪ್ರೇಗಳಲ್ಲಿ ಸಿಲಿಕೋನ್ ಇರುವುದು ಸಾಮಾನ್ಯ, ದೋಣಿ ಮಿಂಚಲಿ ಅಂತ ಅದನ್ನು ಹೊಡೆದಿದ್ದರೆ ಮೊದಲು ಚೆನ್ನಾಗಿ ತೊಳೆಯಬೇಕು.

ಪರೀಕ್ಷೆಯಲ್ಲಿ ಹೈಪಲಾನ್ ಅಂತ ಬಂದರೆ ದಾರಿ ಬೇರೆ. ಅದರಲ್ಲಿ ಒಸರುವ ದ್ರವದ ತೊಂದರೆ ಇಲ್ಲ, ಹಾಗಾಗಿ ನಿಯೋಪ್ರಿನ್ ಅಂಟೇ ಸರಿ. ಆದರೆ ಅದೂ ಹಾರ್ಡ್‌ನರ್ ಬೆರೆಸುವ ಎರಡು ಭಾಗದ್ದು, ಬಾಸ್ಟಿಕ್ 2402 ಅಂಥದ್ದು. ಮೇಲ್ಮೈಯನ್ನು 60-80 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವ ತನಕ ಉಜ್ಜಲೇಬೇಕು, ಟೊಲ್ಯೂಯಿನ್ ಅನ್ನುವ ದ್ರಾವಕದಿಂದ ಒರೆಸಬೇಕು. ಉಜ್ಜದೆ ಹೈಪಲಾನ್‌ಗೆ ಯಾವ ಅಂಟೂ ಕಚ್ಚುವುದಿಲ್ಲ.

ಸರಿಯಾದ ಅಂಟು ತಂದಾಯಿತು ಅಂದುಕೊಳ್ಳಿ. ಅಲ್ಲಿಗೆ ಅರ್ಧ ಕೆಲಸ. ಇನ್ನರ್ಧ ಗಾಳಿಯದ್ದು, ಅಂದರೆ ಗಾಳಿಯಲ್ಲಿರುವ ತೇವದ್ದು. ನೀವು ಹೊನ್ನಾವರದವರಾದ್ದರಿಂದ ಇದನ್ನು ಬಿಡಿಸಿಯೇ ಹೇಳಬೇಕು. ನಾನು ನೋಡಿದ ಕಿತ್ತುಹೋದ ತೇಪೆಗಳಲ್ಲಿ ಸರಿಯಾದ ಅಂಟು ಹಾಕಿಯೂ ಕಿತ್ತವು ಕಡಿಮೆಯೇನಲ್ಲ, ಅವೆಲ್ಲ ಹೆಚ್ಚಾಗಿ ಮಳೆಗಾಲದಲ್ಲಿ ಹಾಕಿದವು.

ಅಂಟು ಹಚ್ಚಿದಾಗ ಅದರಲ್ಲಿನ ದ್ರಾವಕ ಆರುತ್ತದೆ. ಸ್ಪಿರಿಟ್ ಕೈಗೆ ಹಾಕಿಕೊಂಡಾಗ ತಣ್ಣಗಾಗುತ್ತದಲ್ಲ, ಹಾಗೇ ಆರುವಾಗ ಬಟ್ಟೆಯ ಮೇಲ್ಮೈಯೂ ತಣ್ಣಗಾಗುತ್ತದೆ. ಉಷ್ಣಾಂಶ 28 ಡಿಗ್ರಿ, ತೇವ 80 ಪ್ರತಿಶತ ಇರುವ ದಿನ, ಮೇಲ್ಮೈ ಬರೀ 4 ಡಿಗ್ರಿ ತಣ್ಣಗಾದರೆ ಸಾಕು, ಅದರ ಮೇಲೆ ಇಬ್ಬನಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಕೆಲವೊಮ್ಮೆ ಅಂಟಿನ ಮೇಲೆ ಹಾಲಿನಂಥ ಮಬ್ಬು ಕಾಣುತ್ತದೆ, ಅದು ಇದೇ. ನೀವು ತೇಪೆ ಒತ್ತುವುದು ಅಂಟಿನ ಮೇಲಲ್ಲ, ನೀರಿನ ಪೊರೆಯ ಮೇಲೆ. ಇನ್ನೊಂದು ತೊಂದರೆ, ಹಾರ್ಡ್‌ನರ್‌ಗೆ ನೀರು ಕಂಡರೆ ಆಸೆ. ಅಂಟಿನ ಜತೆ ಸೇರುವ ಬದಲು ತೇವದ ಜತೆ ಸೇರಿ ಖರ್ಚಾಗಿ ಬಿಡುತ್ತದೆ, ಗುಳ್ಳೆಯನ್ನೂ ಬಿಡುತ್ತದೆ.

ಹಾಗಾಗಿ ತೇವ 60-65 ಪ್ರತಿಶತದ ಒಳಗಿದ್ದರೆ ನಿಶ್ಚಿಂತೆ, 70 ದಾಟಿದರೆ ನಾನು ಡಬ್ಬಿ ತೆರೆಯುವುದಿಲ್ಲ. ತೇವ ತೋರಿಸುವ ಪುಟ್ಟ ಗಡಿಯಾರದಂಥ ಮೀಟರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಈ ಕೆಲಸ ಮರೆತುಬಿಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಅದರಲ್ಲೂ ಬೆಳಿಗ್ಗೆ ಬೇಡ, ಸಂಜೆ ಬೇಡ. ಬಿಸಿಲೇರಿದಾಗ, 11ರಿಂದ 3 ಗಂಟೆಯೊಳಗೆ ತೇವ ತಗ್ಗಿರುತ್ತದೆ. ಆದರೆ ಕೆಲಸ ನೆರಳಲ್ಲಿ. ನೇರ ಬಿಸಿಲಲ್ಲಿ ಅಂಟಿನ ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ದ್ರಾವಕ ಸಿಕ್ಕಿಹಾಕಿಕೊಂಡು ಆಮೇಲೆ ಗುಳ್ಳೆ ಏಳುತ್ತದೆ. ಎಸಿ ಹಾಕಿದ ಕೋಣೆಯಲ್ಲಿ ತೇವ ಕಡಿಮೆ ನಿಜ, ಆದರೆ ಮುಚ್ಚಿದ ಕೋಣೆಯಲ್ಲಿ ಈ ದ್ರಾವಕದ ಆವಿ ತುಂಬಿದರೆ ತಲೆ ತಿರುಗುತ್ತದೆ, ಕಿಡಿ ಬಿದ್ದರೆ ಬೆಂಕಿ. ಬೇಡ. ಗಾಳಿ ಬಿಟ್ಟರೆ ಈ ದೋಣಿ ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಬಹುದು ಅಲ್ವಾ? ಘಟ್ಟದ ಮೇಲೆ, ಹುಬ್ಬಳ್ಳಿ ಧಾರವಾಡ ಕಡೆ ನೆಂಟರ ಮನೆ ಇದ್ದರೆ ಫೆಬ್ರವರಿಯಲ್ಲಿ ಅಲ್ಲಿಗೆ ಒಯ್ದು ಅವರ ಜಗುಲಿಯಲ್ಲಿ ಮಾಡಿ. ಇದನ್ನು ನಿಜವಾಗಿಯೂ ಹೇಳುತ್ತಿದ್ದೇನೆ. ನಾನೇ ಒಯ್ದಿದ್ದೇನೆ.

ಇನ್ನು ಹಾಕುವ ಕ್ರಮ. ನಿಮ್ಮಲ್ಲಿ ದೊಡ್ಡ ಕೆಲಸ ಅಂದರೆ ಹಳೆಯ ಮೂರು ಅಂಟನ್ನೂ ತೆಗೆಯುವುದು. ಅದರ ಮೇಲೆ ಹೊಸದು ಹಾಕಿದರೆ ಹೊಸದು ಹಿಡಿಯುವುದು ಹಳೆಯದನ್ನು, ಬಟ್ಟೆಯನ್ನಲ್ಲ. ಹಳದಿ ಗಮ್ ಈಗಾಗಲೇ ಮೆತ್ತಗಿದೆ, ಬೆರಳಲ್ಲೇ ಉಂಡೆ ಕಟ್ಟಿ ತೆಗೆಯಿರಿ. ಉಳಿದದ್ದಕ್ಕೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಸೂಪರ್ ಗ್ಲೂ ಚಕ್ಕೆಯನ್ನು ಬಟ್ಟೆ ಮಡಿಸಿ ಸಿಡಿಸಿ ತೆಗೆಯಬಹುದು. ಬ್ಲೇಡು ಹಾಕಬೇಡಿ. ಕೊನೆಗೆ ಎಂಇಕೆ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ, ನೆನೆಸಬೇಡಿ. ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು. ಹಿಂದೆ ಮುಂದೆ ತಿಕ್ಕಿದರೆ ತೆಗೆದ ಜಿಡ್ಡನ್ನೇ ಮತ್ತೆ ಹಚ್ಚಿದ ಹಾಗೆ. ಪಿವಿಸಿಯನ್ನು ಜೋರಾಗಿ ಉಪ್ಪುಕಾಗದದಲ್ಲಿ ಉಜ್ಜುವ ಅಗತ್ಯ ಇಲ್ಲ. ಲೇಪ ತೆಳು, ನೂಲು ಕಂಡುಬಿಟ್ಟರೆ ಅಲ್ಲಿಂದಲೇ ಗಾಳಿ ಸೋರಲು ಶುರು.

ತೇಪೆ ಸೀಳಿಗಿಂತ ಎಲ್ಲ ಕಡೆಗೂ 5 ಸೆಂಟಿಮೀಟರ್ ದೊಡ್ಡದಿರಲಿ. ನಿಮ್ಮದಕ್ಕೆ 14 ಸೆಂಟಿಮೀಟರ್ ಉದ್ದ, 10-11 ಅಗಲದ ಮೊಟ್ಟೆಯಾಕಾರ. ಮೂಲೆ ಇರಬಾರದು, ಮೂಲೆಯಿಂದಲೇ ಏಳುವುದು. ದೋಣಿ ಜತೆ ಬಂದ ತುಂಡು ಉಳಿದಿದ್ದರೆ ಅದೇ ಒಳ್ಳೆಯದು. ಫ್ಲೆಕ್ಸ್ ಬ್ಯಾನರಿನ ತುಂಡು ಕತ್ತರಿಸಿ ಹಾಕಿದ್ದನ್ನು ನೋಡಿದ್ದೇನೆ, ಅದೂ ಪಿವಿಸಿಯೇ ಆದರೂ ತೆಳು, ಗಾಳಿಯ ಒತ್ತಡ ಹೊರುವಂಥದ್ದಲ್ಲ. ಗುರುತು ಪೆನ್ಸಿಲ್‌ನಲ್ಲಿ ಹಾಕಿ, ಪೆನ್ನಿನ ಶಾಯಿ ಪಿವಿಸಿಯೊಳಗೆ ಇಳಿದು ಹರಡುತ್ತದೆ. ಸೀಳು 5 ಸೆಂಟಿಮೀಟರಿಗಿಂತ ದೊಡ್ಡದಿದ್ದಿದ್ದರೆ ಒಳಗಿನಿಂದಲೂ ಒಂದು ತೇಪೆ ಹಾಕಲು ಹೇಳುತ್ತಿದ್ದೆ, ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ. ನಿಮ್ಮದಕ್ಕೆ ಹೊರಗಿನದೇ ಸಾಕು.

ಟ್ಯೂಬಿನ ಗಾಳಿ ಪೂರ್ತಿ ಬಿಟ್ಟು, ಹಲಗೆಯ ಮೇಲೆ ಚಪ್ಪಟೆಯಾಗಿ ಹಾಸಿ. ಅಂಟನ್ನು ಸ್ಟೀಲ್ ಬಟ್ಟಲಿನಲ್ಲಿ ಕಲಸಿ. ಥರ್ಮಾಕೋಲ್ ಲೋಟ ಅಥವಾ ತೆಳು ಪ್ಲಾಸ್ಟಿಕ್ ಲೋಟ ಎಂಇಕೆಗೆ ಕರಗಿ ಅಂಟಿಗೇ ಸೇರುತ್ತದೆ. ದೋಣಿಗೂ ತೇಪೆಗೂ ತೆಳ್ಳಗೆ ಒಂದು ಕೋಟ್, ಅರ್ಧ ಗಂಟೆ ಬಿಡಿ. ಎರಡನೇ ಕೋಟ್, ಮತ್ತೆ 10-15 ನಿಮಿಷ, ಬೆರಳ ಗೆಣ್ಣು ತಾಗಿಸಿದರೆ ಜಿಗುಟು ಅನ್ನಿಸಿ ಅಂಟು ಗೆಣ್ಣಿಗೆ ಬರಬಾರದು. ಅವಸರ ಮಾಡಿ ಹಸಿಯಾಗಿರುವಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು. ಫೆವಿಕಾಲ್ ಹಾಕಿ ಕಾಗದ ಅಂಟಿಸಿದ ಅಭ್ಯಾಸ ನಮಗೆ, ಹಸಿ ಇದ್ದಾಗಲೇ ಅಂಟಿಸಬೇಕು ಅಂತ. ಇದು ಹಾಗಲ್ಲ. ಒಣಗಿದ ಎರಡು ಪದರ ಒಂದಕ್ಕೊಂದು ಹಿಡಿಯಬೇಕು. ಒತ್ತುವ ಮುಂಚೆ ಎರಡೂ ಮೇಲ್ಮೈಗೆ ಹೇರ್ ಡ್ರೈಯರ್ ಅಥವಾ ಹಾಟ್ ಏರ್ ಗನ್‌ನಿಂದ 60 ಡಿಗ್ರಿಯಷ್ಟು ಬಿಸಿ ತಾಗಿಸಿ, ಅಂಟು ಮತ್ತೆ ಎಚ್ಚರವಾಗಿ ಹೊಳೆಯುತ್ತದೆ. ಅಷ್ಟರಲ್ಲಿ ಆವಿಯೆಲ್ಲ ಹೋಗಿರಬೇಕು, ಅಂಟಿನ ಡಬ್ಬಿ, ಎಂಇಕೆ ಬಾಟಲಿ ಮುಚ್ಚಿ ದೂರ ಇಟ್ಟಿರಬೇಕು. ತೇಪೆಯನ್ನು ಒಂದು ಅಂಚಿನಿಂದ ಉರುಳಿಸಿದ ಹಾಗೆ ಇಳಿಸಿ, ನಡುವಿನಿಂದ ಹೊರಕ್ಕೆ ಸ್ಟೀಲ್ ಚಮಚದ ಬೆನ್ನಿನಿಂದ ಕೈ ನೋಯುವಷ್ಟು ಒತ್ತಿ ಉಜ್ಜಿ. ಈ ಅಂಟಿನಲ್ಲಿ ಎಷ್ಟು ಹೊತ್ತು ಒತ್ತಿದಿರಿ ಅನ್ನುವುದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು ದೊಡ್ಡದು. ಸಂದಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು.

24 ಗಂಟೆ ಭಾರ ಹೇರಿಡಿ. ಮೂರು ದಿನ ಗಾಳಿ ತುಂಬಬೇಡಿ. ಆಮೇಲೆ ಅರ್ಧ ಒತ್ತಡ, ಒಂದು ವಾರದ ನಂತರ ಪೂರ್ತಿ. ಈ ಅಳತೆಯ ಪಿವಿಸಿ ದೋಣಿಗೆ ಟ್ಯೂಬಿನ ಒತ್ತಡ 0.25 ಬಾರ್ ಸುತ್ತಮುತ್ತ ಇರುತ್ತದೆ, ವಾಲ್ವಿನ ಹತ್ತಿರ ಬರೆದಿದ್ದರೆ ಅದನ್ನೇ ನೋಡಿ.

ಮೈ ಬಗ್ಗೆಯೂ ಜಾಗ್ರತೆ. ಹಾರ್ಡ್‌ನರ್ ಐಸೊಸಯನೇಟ್ ಜಾತಿಯದ್ದು, ಶ್ವಾಸಕೋಶಕ್ಕೆ ಅಲರ್ಜಿ ಹತ್ತಿಸಿಬಿಡಬಹುದು, ಒಮ್ಮೆ ಹತ್ತಿದರೆ ಮುಂದೆ ಸ್ವಲ್ಪ ತಾಗಿದರೂ ಉಬ್ಬಸ. ಮನೆಯಲ್ಲಿ ಅಸ್ತಮಾ ಇರುವವರು ಈ ಕೆಲಸದ ಹತ್ತಿರ ಬರಬಾರದು. ಗಾಳಿ ಆಡುವ ಜಾಗದಲ್ಲೇ ಮಾಡಿ. ಕೈಗವಸು ಹಾಕಿ, ಆದರೆ ಆಸ್ಪತ್ರೆಯ ತೆಳು ಗವಸನ್ನು ಎಂಇಕೆ ಬೇಗ ದಾಟುತ್ತದೆ, ಬ್ಯುಟೈಲ್ ರಬ್ಬರಿನದು ಸಿಕ್ಕರೆ ಅದೇ ಸರಿ, ಇಲ್ಲದಿದ್ದರೆ ತೆಳುವಿನದನ್ನು ಎರಡೆರಡು ಹಾಕಿ ಒದ್ದೆಯಾದ ಕೂಡಲೇ ಬದಲಿಸಿ. ಬೀಡಿ, ಊದುಬತ್ತಿ, ದೇವರ ದೀಪ, ಒಲೆ ಯಾವುದೂ ಹತ್ತಿರ ಬೇಡ.

ಹಾರ್ಡ್‌ನರ್ ಬಾಟಲಿ ಒಮ್ಮೆ ತೆರೆದರೆ ಗಾಳಿಯ ತೇವ ಕುಡಿದು ಕೆಡುತ್ತದೆ. ಮಬ್ಬಾಗಿದ್ದರೆ, ತಳದಲ್ಲಿ ಗಟ್ಟಿಯಾಗಿದ್ದರೆ ಎಸೆಯಿರಿ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಡಬ್ಬಿ ತರಬೇಡಿ. ಕೊಳ್ಳುವಾಗ ತಯಾರಾದ ತಾರೀಖು ನೋಡಿ.

ಒಂದು ವಿಷಯವನ್ನು ಮೊದಲೇ ಪರೀಕ್ಷಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ದೋಣಿಯ ಬೇರೆ ಜಾಗಗಳಲ್ಲಿ, ಅಂಟು ಏನೂ ಹಚ್ಚದ ಕಡೆ, ಮೇಲ್ಮೈ ತಾನಾಗಿ ಜಿಗುಟಾಗಿದೆಯಾ? ಹೊಲಿಗೆಯಂತೆ ಕಾಣುವ ಉದ್ದನೆ ಜೋಡಣೆ ಬಿಡುತ್ತಿದೆಯಾ? ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಬುಡ ಎದ್ದಿದೆಯಾ? ಜಿಗುಟಾಗಿದ್ದರೆ ಬಟ್ಟೆಯ ಒಳಗಿನ ದ್ರವವೇ ಹೊರಗೆ ಬರುತ್ತಿದೆ, ಅದಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ, ಆ ದೋಣಿಯನ್ನು ಅಳಿವೆಗೆ ಇಳಿಸಬೇಡಿ, ನಿಮ್ಮ ತಮ್ಮನನ್ನು ಕೂರಿಸಬೇಡಿ. ಜೋಡಣೆ ಅಥವಾ ಹಲಗೆ ಬಿಟ್ಟಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮೂರೂ ಇಲ್ಲದಿದ್ದರೆ ದೋಣಿಗೆ ಇನ್ನೂ ಆಯುಷ್ಯ ಇದೆ, ತೇಪೆ ಹಾಕುವುದು ಸಾರ್ಥಕ.

ತೇಪೆ ಹಾಕಿದ ಮೇಲೆ ಸಂಜೆ ಬಿಗಿಯಾಗಿ ಗಾಳಿ ತುಂಬಿಟ್ಟು ಬೆಳಿಗ್ಗೆ ನೋಡಿದಾಗ ಸ್ವಲ್ಪ ಸಡಿಲ ಇದ್ದರೆ ಗಾಬರಿಯಾಗಬೇಡಿ. 30 ಡಿಗ್ರಿಯಲ್ಲಿ 0.25 ಬಾರ್ ತುಂಬಿದ ಟ್ಯೂಬು 20 ಡಿಗ್ರಿಗೆ ತಣಿದರೆ, ಎಲ್ಲೂ ಸೋರದೆಯೇ ಸುಮಾರು 0.21ಕ್ಕೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಮತ್ತೆ ಬಿಗಿಯಾದರೆ ಸೋರಿಕೆ ಇಲ್ಲ. ಮಧ್ಯಾಹ್ನವೂ ಸಡಿಲವೇ ಇದ್ದರೆ ಸೋಪಿನ ನೀರು ಹಚ್ಚಿ, ಮೊದಲು ವಾಲ್ವಿಗೆ, ಆಮೇಲೆ ತೇಪೆಯ ಅಂಚಿಗೆ. ವಾಲ್ವಿನೊಳಗೆ ಮರಳಿನ ಒಂದು ಕಣ ಕೂತರೂ ಗಾಳಿ ಹೋಗುತ್ತದೆ, ಅದನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದರೆ ಸಾಕು.

ಎಂಇಕೆ ಪರೀಕ್ಷೆಯಲ್ಲೂ ಬಟ್ಟೆ ಯಾವುದೆಂದು ಸ್ಪಷ್ಟವಾಗದಿದ್ದರೆ, ಆ ತುಂಡಿನ ಎರಡೂ ಮಗ್ಗುಲಿನ ಫೋಟೋ ಮತ್ತು ಉಪ್ಪುಕಾಗದ ಉಜ್ಜಿದ ಜಾಗದ ಫೋಟೋ ಕಳಿಸಿ, ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಟು ಕೊಳ್ಳಬೇಡಿ.